ನಸೀಬು ನಡೆಯದ ಇಸ್ಪೀಟ್: ಬ್ರಿಜ್ ಮಾಸ್ಟರ್ ಹೇಗಿದೆ?

ಹುಬ್ಬಳ್ಳಿಯಲ್ಲಿ ಬ್ರಿಜ್ ಆಡಬೇಕೆನ್ನುವವರಿಗೆ ಮೊದಲನೇ ತೊಂದರೆ ಆಟದ್ದಲ್ಲ, ಮಂದಿಯದು. ರಮ್ಮಿಗೆ ಇಬ್ಬರಿದ್ದರೂ ನಡೆಯುತ್ತದೆ, ಆರು ಮಂದಿ ಬಂದರೂ ನಡೆಯುತ್ತದೆ. ಬ್ರಿಜ್‌ಗೆ ಸರಿಯಾಗಿ ನಾಲ್ಕು ಮಂದಿ ಬೇಕು. ನಮ್ಮ ಕೇಶ್ವಾಪುರದ ಮನೆಯಲ್ಲಿ ಮೂವರು ಖಾಯಂ: ನಾನು, ನಮ್ಮ ಮಾವನವರು, ಹಿಂದಿನ ಓಣಿಯ ನಿವೃತ್ತ ಹೆಡ್‌ಮಾಸ್ತರ್ರು. ನಾಲ್ಕನೆಯವರಿಗೆ ಒಂದು ಭಾನುವಾರ ಬೀಗರ ಮನೆಯ ಮದುವೆ, ಇನ್ನೊಂದು ಭಾನುವಾರ ಮೊಮ್ಮಗನ ಜವಳ, ಮತ್ತೊಂದಕ್ಕೆ ಬರೀ ಬೇಸರ. ಹೀಗಾಗಿ ಒಬ್ಬರೇ ಕೂತು ಆಡಬಹುದಾದ, ಆಡಿ ಏನಾದರೂ ಕಲಿಯಬಹುದಾದ ಒಂದು ಜಾಗ ನನಗೆ ಬೇಕಿತ್ತು. ಸಿಕ್ಕಿದ್ದು ಬ್ರಿಜ್ ಬೇಸ್ ಆನ್‌ಲೈನ್ ತಾಣದ ಪ್ರಾಕ್ಟೀಸ್ ಭಾಗದಲ್ಲಿರುವ ಬ್ರಿಜ್ ಮಾಸ್ಟರ್. ಆಟಗಾರರ ಬಾಯಲ್ಲಿ ಆ ತಾಣ ಬಿಬಿಒ.

ದುಡ್ಡಿನ ಮಾತು ಮೊದಲೇ ಮುಗಿಸುತ್ತೇನೆ, ನಮ್ಮ ಕಡೆ ಎಲ್ಲರೂ ಮೊದಲು ಕೇಳುವುದು ಅದನ್ನೇ. ಖಾತೆ ತೆರೆಯಲು ಖರ್ಚಿಲ್ಲ. ಬ್ರಿಜ್ ಮಾಸ್ಟರ್‌ನ ಡೀಲ್‌ಗಳಿಗೂ, ಅಂದರೆ ಅದು ಹಂಚಿಕೊಡುವ ಆಟಗಳಿಗೂ, ಖರ್ಚಿಲ್ಲ. ಅದೇ ತಾಣದಲ್ಲಿ ಕಂಪ್ಯೂಟರ್ ರೋಬೋಟ್‌ಗಳನ್ನು ಬಾಡಿಗೆಗೆ ಹಿಡಿದು ಆಡುವ ಏರ್ಪಾಡೂ ಇದೆ, ಅದಕ್ಕೆ ಡಾಲರ್ ಲೆಕ್ಕದಲ್ಲಿ ಹಣ ಕಟ್ಟಬೇಕು. ಆ ಬಾಗಿಲು ಬೇರೆ, ಈ ಬಾಗಿಲು ಬೇರೆ.

ಬ್ರಿಜ್ ಗೊತ್ತಿಲ್ಲದವರಿಗೆ ಎರಡು ಮಾತು. ಐವತ್ತೆರಡು ಎಲೆ, ನಾಲ್ಕು ಮಂದಿ, ಎದುರುಬದುರು ಕೂತವರು ಜೋಡಿ. ಒಬ್ಬೊಬ್ಬರಿಗೆ ಹದಿಮೂರು ಎಲೆ. ನಾಲ್ವರೂ ಒಂದೊಂದು ಎಲೆ ಹಾಕಿ ಒಬ್ಬರು ಗೆಲ್ಲುವ ಸುತ್ತೇ ಒಂದು ಟ್ರಿಕ್. ಮೊದಲು ಬಿಡ್ಡಿಂಗ್: ಹದಿಮೂರರಲ್ಲಿ ನಮ್ಮ ಜೋಡಿ ಇಷ್ಟು ಟ್ರಿಕ್ ಮಾಡುತ್ತದೆ, ಈ ಬಣ್ಣ ತುರುಫು, ಇಲ್ಲವೇ ತುರುಫೇ ಬೇಡ, ನೋ ಟ್ರಂಪ್. ಮೊದಲ ಆರು ಟ್ರಿಕ್ ಮಾತಿನಲ್ಲಿ ಬರುವುದಿಲ್ಲ, ಆರರ ಮೇಲಿನದ್ದನ್ನೇ ಹೇಳುವುದು. ಮೂರು ನೋ ಟ್ರಂಪ್ ಅಂದರೆ ಒಂಬತ್ತು ಟ್ರಿಕ್, ಆರು ನೋ ಟ್ರಂಪ್ ಅಂದರೆ ಹನ್ನೆರಡು. ಮಾತು ಗೆದ್ದ ಜೋಡಿಯಲ್ಲಿ ಒಬ್ಬರು ಡಿಕ್ಲೇರರ್. ಎದುರಾಳಿ ಮೊದಲನೇ ಎಲೆ ಹಾಕಿದ ಕೂಡಲೇ ಡಿಕ್ಲೇರರನ ಜೋಡಿಗಾರ ತನ್ನ ಎಲೆಗಳನ್ನೆಲ್ಲ ಮೇಜಿನ ಮೇಲೆ ಬಿಚ್ಚಿಟ್ಟು ಸುಮ್ಮನಾಗುತ್ತಾನೆ, ಅವನೇ ಡಮ್ಮಿ. ಅಲ್ಲಿಂದ ಎರಡೂ ಕೈ ಆಡುವವರು ಡಿಕ್ಲೇರರ್ ಒಬ್ಬರೇ. ಇಪ್ಪತ್ತೆಂಟು ಎಂಬ ಇಸ್ಪೀಟ್ ಆಟ ಆಡಿ ಬೆಳೆದವರಿಗೆ ತುರುಫು, ಜೋಡಿ, ಕೂಗುವುದು ಇವೆಲ್ಲ ಹೊಸದಲ್ಲ. ಈಗಿನ ಅಂಕದ ಲೆಕ್ಕವನ್ನು ಕೂಡಿಸಿದವರು ಅಮೆರಿಕದ ಹೆರಾಲ್ಡ್ ವಾಂಡರ್‌ಬಿಲ್ಟ್, 1925ರಲ್ಲಿ, ಪನಾಮಾ ಕಾಲುವೆಯ ಕಡೆ ಹೊರಟಿದ್ದ ಹಡಗಿನಲ್ಲಿ ಕೂತು.

ಬ್ರಿಜ್ ಮಾಸ್ಟರ್ ಕಲಿಸುವುದು ಈ ಡಿಕ್ಲೇರರ್ ಆಟ ಒಂದನ್ನೇ. ಬಿಡ್ಡಿಂಗ್ ಮುಗಿಸಿಯೇ ಕೊಡುತ್ತದೆ. ಕಾಂಟ್ರಾಕ್ಟ್, ಅಂದರೆ ಗೆದ್ದ ಮಾತು, ಇಷ್ಟು, ಎಡಗಡೆಯವರು ಹಾಕಿದ ಎಲೆ ಇದು, ಡಮ್ಮಿ ಇದು, ಇನ್ನು ನಿಮ್ಮ ಪಾಲಿನದು ಆಡಿ. ಐದು ಹಂತಗಳಿವೆ, ಒಂದನೆಯದು ಈಗಷ್ಟೇ ಕಲಿತವರಿಗೆ, ಐದನೆಯದು ತಲೆ ಬಿಸಿ ಮಾಡಿಕೊಳ್ಳಲು ತಯಾರಿರುವವರಿಗೆ. ಆಟ ಮುಗಿದ ಮೇಲೆ ಉತ್ತರವನ್ನು ಮೆಟ್ಟಿಲು ಮೆಟ್ಟಿಲಾಗಿ ಬಿಡಿಸಿ ತೋರಿಸುತ್ತದೆ. ಅದನ್ನು ಅವರು ಮೂವಿ ಎನ್ನುತ್ತಾರೆ. ಎಲೆಗಳು ಒಂದೊಂದಾಗಿ ಬೀಳುತ್ತವೆ, ಪಕ್ಕದಲ್ಲಿ ಯಾಕೆ ಹೀಗೆ ಎಂಬ ವಿವರಣೆ ಬರುತ್ತದೆ.

ಇಷ್ಟು ಮಾಡುವ ತಾಣಗಳು ಬೇಕಾದಷ್ಟಿವೆ. ಇದರ ಗುಣ ಬೇರೆ ಕಡೆ ಇದೆ. ಇಲ್ಲಿ ತಪ್ಪು ದಾರಿ ಹಿಡಿದವರು ಗೆಲ್ಲುವುದೇ ಇಲ್ಲ. ನೀವು ಹಿಡಿದದ್ದು ಸುಮಾರಾದ ದಾರಿಯಾದರೆ, ಆ ದಾರಿಯನ್ನು ಮುರಿಯುವಂಥ ಎಲೆಗಳೇ ಎದುರಾಳಿಗಳ ಕೈಯಲ್ಲಿ ಕೂತಿರುತ್ತವೆ. ಮೋಸ ಅನಿಸಬಹುದು. ಒಂದರ್ಥದಲ್ಲಿ ಮೋಸವೇ. ಆದರೆ ನಾನು ಕೊಟ್ಟ ಅಂಕಗಳಲ್ಲಿ ಮೂರು ಈ ಮೋಸಕ್ಕೇ ಸಂದದ್ದು.

ಯಾಕೆಂದು ಹೇಳುತ್ತೇನೆ. ನಾನು ವಿದ್ಯಾನಗರದ ಒಂದು ಆಡಿಟರ್ ಆಫೀಸಿನಲ್ಲಿ ಲೆಕ್ಕ ಬರೆಯುವವಳು. ಟ್ರಯಲ್ ಬ್ಯಾಲೆನ್ಸ್ ಎರಡೂ ಕಡೆ ಸರಿಹೊಂದಿದರೆ ಹೊಸದಾಗಿ ಸೇರಿದ ಹುಡುಗರು ಖುಷಿಯಾಗಿ ಫೈಲ್ ಮುಚ್ಚುತ್ತಾರೆ. ಒಂದು ತಪ್ಪನ್ನು ಇನ್ನೊಂದು ತಪ್ಪು ಮುಚ್ಚಿದ್ದರೂ ಲೆಕ್ಕ ಹೊಂದುತ್ತದೆ ಎನ್ನುವುದು ಅವರ ತಲೆಗೆ ಹೋಗಲು ವರ್ಷ ಬೇಕು. ಬ್ರಿಜ್ ಮೇಜಿನ ಮೇಲೆಯೂ ಇದೇ ಕಥೆ. ತಪ್ಪಾಗಿ ಆಡಿದರೂ ಎಲೆಗಳು ಅನುಕೂಲವಾಗಿ ಕೂತಿದ್ದರೆ ಕಾಂಟ್ರಾಕ್ಟ್ ಆಗಿಬಿಡುತ್ತದೆ, ಜೋಡಿಗಾರ ಶಾಬಾಸ್ ಅನ್ನುತ್ತಾನೆ, ತಪ್ಪು ಹಾಗೇ ಉಳಿಯುತ್ತದೆ. ಅದೇ ತಪ್ಪು ಮುಂದೆಂದೋ ಕೈಕೊಟ್ಟಾಗ ನಸೀಬು ಖೊಟ್ಟಿ ಅನ್ನುತ್ತೇವೆ. ಬ್ರಿಜ್ ಮಾಸ್ಟರ್ ಈ ಶಾಬಾಸನ್ನು ತೆಗೆದುಹಾಕಿದೆ.

ಉದಾಹರಣೆ ಇಲ್ಲದೆ ಈ ಮಾತು ಗಾಳಿಯಲ್ಲಿ ಉಳಿಯುತ್ತದೆ. ಅದರೊಳಗಿನ ಡೀಲ್‌ಗಳನ್ನು ಇಲ್ಲಿ ಬಿಚ್ಚಿಟ್ಟರೆ ನಿಮ್ಮ ಆಟ ಕೆಡುತ್ತದೆ, ಹಾಗಾಗಿ ಅದೇ ಜಾತಿಯ ಒಂದನ್ನು ನಾನೇ ಜೋಡಿಸಿದ್ದೇನೆ. ನಮ್ಮ ಮಾವನವರಿಗೂ ಹೆಡ್‌ಮಾಸ್ತರಿಗೂ ಟೀಪಾಯಿಯ ಮೇಲೆ ಹಾಕಿಕೊಟ್ಟದ್ದು ಇದನ್ನೇ. ಮನೆಯಲ್ಲಿ ಇಸ್ಪೀಟ್ ಕಟ್ಟು ಇದ್ದರೆ ಹಾಕಿಕೊಂಡು ಓದಿ, ಇಲ್ಲದಿದ್ದರೆ ಕಾಗದದ ಮೇಲೆ ಬರೆದುಕೊಳ್ಳಿ. ಇಲ್ಲಿ ಇಸ್ಪೀಟ್ ಅಂದರೆ ಸ್ಪೇಡ್ ಬಣ್ಣ, ಆಠೀನ್ ಅಂದರೆ ಹಾರ್ಟ್, ಕಳಾವರ್ ಅಂದರೆ ಕ್ಲಬ್.

ಡಮ್ಮಿ: ಇಸ್ಪೀಟ್ ರಾಜಾ, 9, 5, 4. ಆಠೀನ್ ಎಕ್ಕಾ, 7. ಡೈಮಂಡ್ ರಾಜಾ, ರಾಣಿ, 6, 2. ಕಳಾವರ್ ಎಕ್ಕಾ, 8, 5.

ನಿಮ್ಮ ಕೈ: ಇಸ್ಪೀಟ್ ಎಕ್ಕಾ, ಗುಲಾಮ, 6, 3. ಆಠೀನ್ ರಾಜಾ, ರಾಣಿ, 4. ಡೈಮಂಡ್ ಎಕ್ಕಾ, ಗುಲಾಮ, 5. ಕಳಾವರ್ ರಾಜಾ, 7, 3.

ಕಾಂಟ್ರಾಕ್ಟ್ ಆರು ನೋ ಟ್ರಂಪ್, ಹನ್ನೆರಡು ಟ್ರಿಕ್ ಬೇಕು. ಎಡಗಡೆಯವರು ಕಳಾವರ್ ರಾಣಿ ಹಾಕಿದ್ದಾರೆ.

ನಮ್ಮ ಮಾವನವರು ರೇಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು, ನನಗೆ ಬ್ರಿಜ್ ಕಲಿಸಿದವರೂ ಅವರೇ. ಅವರದು ಒಂದೇ ಮಂತ್ರ. "ಡಮ್ಮಿ ಇಳಿದ ಮ್ಯಾಲೆ ಕೈ ಕಟ್ಟಿ ಕೂಡಬೇಕವಾ. ಮೊದಲ ಎಣಸು, ಆಮ್ಯಾಲೆ ಎಲಿ ಮುಟ್ಟು." ಎಣಿಸಿ ನೋಡಿ. ಆಠೀನ್‌ನಲ್ಲಿ ಮೂರು, ಡೈಮಂಡ್‌ನಲ್ಲಿ ನಾಲ್ಕು, ಕಳಾವರ್‌ನಲ್ಲಿ ಎರಡು. ಒಂಬತ್ತು ಟ್ರಿಕ್ ಜೇಬಿನಲ್ಲಿವೆ. ಇಸ್ಪೀಟ್‌ನಲ್ಲಿ ಮೂರು ಬಂದರೆ ಹನ್ನೆರಡಾಯಿತು. ಅಂದರೆ ಇಸ್ಪೀಟ್‌ನಲ್ಲಿ ಒಂದು ಟ್ರಿಕ್ ಬಿಟ್ಟುಕೊಡಲು ಅಡ್ಡಿಯಿಲ್ಲ, ಎರಡು ಕೊಟ್ಟರೆ ಸೋಲು. ಎದುರಾಳಿಗಳ ಬಳಿ ಇರುವ ಇಸ್ಪೀಟ್ ಎಲೆ ಐದು: ರಾಣಿ, 10, 8, 7, 2.

ಹೆಡ್‌ಮಾಸ್ತರ್ರು ಎಣಿಕೆ ಸರಿಯಾಗಿಯೇ ಮಾಡಿದರು. ಕಳಾವರ್ ರಾಜಾನಿಂದ ಹಿಡಿದರು. ಇಸ್ಪೀಟ್ ಎಕ್ಕಾ ಹಾಕಿದರು, ಎಡದಿಂದ 7, ಬಲದಿಂದ 2 ಬಂದವು. ಆಮೇಲೆ ಕೈಯಿಂದ ಇಸ್ಪೀಟ್ 3 ಆಡಿದರು, ಎಡದಿಂದ 8, ಡಮ್ಮಿಯಿಂದ ರಾಜಾ. ಬಲಗಡೆಯ ಕೈಯಿಂದ ಕಳಾವರ್ ಬಿತ್ತು. ಮಾಸ್ತರ ಮುಖ ಇಳಿಯಿತು. ಎಡಗಡೆ ರಾಣಿ ಮತ್ತು ಹತ್ತು ಒಟ್ಟಿಗೆ ಉಳಿದಿವೆ, ಇವರ ಕೈಯಲ್ಲಿ ಗುಲಾಮ-6, ಡಮ್ಮಿಯಲ್ಲಿ 9-5. ಯಾವ ಕಡೆಯಿಂದ ಆಡಿದರೂ ಎರಡು ಟ್ರಿಕ್ ಹೋಗುತ್ತವೆ.

"ನಾಕೂ ಎಲಿ ಎಡಕ್ಕs ಕುಂತಾವು. ಇದಕ್ಕ ನಾ ಏನ ಮಾಡಲಿ, ನಸೀಬು" ಅಂದರು.

"ನಸೀಬಲ್ರೀ ಮಾಸ್ತರ್ರ. ಡಮ್ಮಿಯೊಳಗಿನ ಒಂಬತ್ತು ನಿಮ್ಮ ಮಾರಿ ನೋಡಕೋತ ಕುಂತಿತ್ತು, ನೀವs ನೋಡಲಿಲ್ಲ" ಅಂದರು ಮಾವ.

ಎರಡನೇ ಸಲ ಇಸ್ಪೀಟ್ 3 ಆಡಿದಾಗ ಎಡಗಡೆಯವರು ಸಣ್ಣ ಎಲೆ ಹಾಕಿದರೆ ಡಮ್ಮಿಯಿಂದ ರಾಜಾ ಏರಿಸಬಾರದು, 9 ಹಾಕಬೇಕು. ಅದಿಷ್ಟೇ ಉತ್ತರ. ಯಾಕೆ ಸಾಕು ಎನ್ನುವುದನ್ನು ಮಾಸ್ತರ್ರು ನಂಬಲಿಲ್ಲ, ಎಲೆಗಳನ್ನು ಬೇರೆ ಬೇರೆ ಥರ ಹಂಚಿ ತೋರಿಸು ಅಂದರು. ತೋರಿಸಿದೆವು.

ಎಡಗಡೆ ನಾಲ್ಕು ಎಲೆ, ರಾಣಿ-10 ಸಮೇತ. ಎಕ್ಕಾ ಆದ ಮೇಲೆ ಸಣ್ಣ ಎಲೆ ಆಡಿದಿರಿ, ಅವರೂ ಸಣ್ಣದು ಹಾಕಿದರು, ಡಮ್ಮಿಯ 9 ಗೆದ್ದೇ ಬಿಟ್ಟಿತು, ಬಲಗಡೆ ಇಸ್ಪೀಟೇ ಇಲ್ಲವಲ್ಲ. ಮುಂದೆ ರಾಜಾ. ಮೂರು ಟ್ರಿಕ್ ಆದವು, ರಾಣಿ ಬೇಕಾದರೆ ಗೆಲ್ಲಲಿ. ಅವರು ಜಾಣರಾಗಿ ಎರಡನೇ ಸಲವೇ 10 ಹಾಕಿದರೆ? ರಾಜಾನಿಂದ ಹಿಡಿಯಿರಿ, ಆಮೇಲೆ ಗುಲಾಮನನ್ನು ಆಡಿ ರಾಣಿಯನ್ನು ಹೊರಗೆಳೆಯಿರಿ. ಈಗ 9 ದೊಡ್ಡ ಎಲೆ.

ಬಲಗಡೆ ನಾಲ್ಕು ಎಲೆ. ಎರಡನೇ ಸಲ ಎಡಗಡೆಯವರು ಇಸ್ಪೀಟ್ ಹಾಕಲಾರರು, ಸುದ್ದಿ ಅಲ್ಲೇ ತಿಳಿಯಿತು. ಆಗ 9 ಬೇಡ, ರಾಜಾ ಏರಿಸಿ, ಡಮ್ಮಿಯಿಂದ ನಿಮ್ಮ ಗುಲಾಮನ ಕಡೆಗೆ ಆಡಿ. ರಾಣಿ-10 ಹಿಡಿದು ಕೂತವರು ಗುಲಾಮನ ಮೊದಲು ಎಲೆ ಹಾಕಬೇಕಾದವರು, ಒಂದೇ ಟ್ರಿಕ್ ಅವರಿಗೆ.

ಮೂರು-ಎರಡು ಆಗಿ ಹಂಚಿದ್ದರೆ 9 ಬಲಗಡೆಯ ರಾಣಿಗೋ ಹತ್ತಕ್ಕೋ ಸೋಲಬಹುದು. ಸೋಲಲಿ. ಮತ್ತೆ ರಾಜಾ ಹಾಕಿದಾಗ ಉಳಿದವೆಲ್ಲ ಬೀಳುತ್ತವೆ, ಗುಲಾಮ ಗೆಲ್ಲುತ್ತಾನೆ. ಐದಕ್ಕೆ ಐದೂ ಒಂದೇ ಕಡೆ ಇದ್ದರೆ? ಅದನ್ನೂ ಹಾಕಿ ನೋಡಿದೆವು. ಎಡಗಡೆ ಐದಿದ್ದರೂ ಮೂರು ಟ್ರಿಕ್ ಬರುತ್ತವೆ, ಬಲಗಡೆ ಐದಿದ್ದರೂ ಬರುತ್ತವೆ. ಇಲ್ಲಿ ಬಿಡಿಸಿ ಬರೆಯುವುದಿಲ್ಲ, ನಿಮಗೂ ಸ್ವಲ್ಪ ಕೆಲಸ ಇರಲಿ. ಅಂದರೆ ನೂರಕ್ಕೆ ನೂರು. ಈ ಇಸ್ಪೀಟ್‌ನಲ್ಲಿ ಎರಡು ಟ್ರಿಕ್ ಕಳೆದುಕೊಳ್ಳುವ ಹಂಚಿಕೆಯೇ ಇಲ್ಲ, ಮೊದಲು ಹಾಕುವುದು ಕೈಯ ಎಕ್ಕಾ ಆಗಿರಬೇಕು ಅಷ್ಟೇ. ಡಮ್ಮಿಯ ರಾಜಾನನ್ನು ಮೊದಲು ಹಾಕಿದರೆ ಈ ಭದ್ರತೆ ಹೋಯಿತು, ಎಡಗಡೆಯ ರಾಣಿ-10 ಮತ್ತೆ ಜೀವ ಪಡೆಯುತ್ತವೆ.

ಈಗ ಮಾಸ್ತರ ದಾರಿಯ ಲೆಕ್ಕ. ಎದುರಾಳಿಗಳ ಐದು ಎಲೆ ಮೂರು-ಎರಡಾಗಿ ಹಂಚಿರುವ ಸಾಧ್ಯತೆ ನೂರಕ್ಕೆ 68, ನಾಲ್ಕು-ಒಂದಾಗಿ 28, ಎಲ್ಲ ಒಂದೇ ಕಡೆ 4. ಎಕ್ಕಾ, ರಾಜಾ ಅಂತ ಸುಮ್ಮನೆ ಆಡಿದರೆ ಸೋಲುವುದು ಎಡಗಡೆ ರಾಣಿ-10 ಸೇರಿ ನಾಲ್ಕು ಎಲೆ ಇದ್ದಾಗ, ಇಲ್ಲವೇ ಐದೂ ಅಲ್ಲೇ ಇದ್ದಾಗ. ಎರಡೂ ಸೇರಿ ನೂರಕ್ಕೆ ಸುಮಾರು 10. ಹತ್ತರಲ್ಲಿ ಒಂಬತ್ತು ಸಲ ಮಾಸ್ತರ್ರು ಗೆದ್ದು ಮೀಸೆ ತಿರುವುತ್ತಾರೆ! ಹಾಗೆ ಗೆಲ್ಲುತ್ತ ಹೋದರೆ ಈ 9ರ ವಿಷಯ ಒಬ್ಬ ಮನುಷ್ಯನಿಗೆ ಜೀವಮಾನದಲ್ಲಿ ತಿಳಿಯದೆ ಹೋಗಬಹುದು. ಬ್ರಿಜ್ ಮಾಸ್ಟರ್ ಕೊಡುವುದು ಆ ಹತ್ತನೆಯ ಸಲವನ್ನೇ. ಪ್ರತಿ ಬಾರಿಯೂ ಹತ್ತನೆಯ ಸಲ.

ಮಾಸ್ತರ್ರು ಒಂದು ತಕರಾರು ತೆಗೆದರು, ತಕರಾರು ಚೆನ್ನಾಗಿತ್ತು. "ರಾಣಿ ಬಲಕ್ಕ ಎರಡs ಎಲಿಯೊಳಗ ಇತ್ತಪಾ ಅಂದ್ರ? ನಾ ಎಕ್ಕಾ-ರಾಜಾ ಹಾಕಿದ್ರ ರಾಣಿ ಬೀಳತಿತ್ತು, ಹದಿಮೂರೂ ನನ್ನವs ಆಗತಿದ್ದೂವು. ನೀವು ಒಂಬತ್ತು ಹಾಕಿ ಸುಮ್ಮನ ಒಂದ ಕೊಟ್ರಿ."

ಕೊಟ್ಟದ್ದು ನಿಜ. ಆ ಒಂದು ಹೆಚ್ಚಿನ ಟ್ರಿಕ್ಕಿನ ಬೆಲೆ 30 ಅಂಕ. ಆರು ನೋ ಟ್ರಂಪ್ ಮಾಡಿದರೆ 990, ವಲ್ನರಬಲ್ (ಬೋನಸ್ಸೂ ದಂಡವೂ ಹೆಚ್ಚಿರುವ ಸರದಿ) ಆಗಿದ್ದರೆ 1440. ಒಂದು ಟ್ರಿಕ್ ಕಡಿಮೆಯಾದರೆ ಅದೆಲ್ಲ ಹೋಗಿ ಮೇಲೆ ದಂಡ. ಮನೆಯಲ್ಲಿ ಆಡುವಾಗಲೂ ಟೀಮ್ ಪಂದ್ಯದಲ್ಲೂ ಇದು ಯೋಚನೆ ಮಾಡುವ ವ್ಯವಹಾರವೇ ಅಲ್ಲ. ಆದರೆ ಪೇರ್ಸ್ ಟೂರ್ನಮೆಂಟ್‌ನಲ್ಲಿ ಅದೇ ಎಲೆಗಳನ್ನು ಆಡಿದ ಉಳಿದ ಜೋಡಿಗಳ ಜೊತೆ ಹೋಲಿಸಿ ಅಂಕ ಕೊಡುತ್ತಾರೆ, ಅಲ್ಲಿ ಆ 30 ಅಂಕಕ್ಕೂ ಜೀವ ಬರುತ್ತದೆ. ಎಲ್ಲರೂ ಆರು ನೋ ಟ್ರಂಪ್‌ನಲ್ಲೇ ಇದ್ದು ಎಲ್ಲರೂ ಹದಿಮೂರು ಮಾಡಿದ್ದರೆ ನಿಮ್ಮ ಹನ್ನೆರಡು ಕೆಳಗೆ ಬೀಳುತ್ತದೆ. ಬ್ರಿಜ್ ಮಾಸ್ಟರ್‌ಗೆ ಹೆಚ್ಚಿನ ಟ್ರಿಕ್ಕಿನ ಪರಿವೆ ಇಲ್ಲ. ಕಾಂಟ್ರಾಕ್ಟ್ ಆಯಿತೋ ಇಲ್ಲವೋ, ಅಷ್ಟೇ. ಅದರಲ್ಲೇ ಪಳಗಿದವರು ಟೂರ್ನಮೆಂಟ್‌ಗೆ ಹೋದರೆ ಮೊದಮೊದಲು ಸ್ವಲ್ಪ ಅಂಜುಬುರುಕರಂತೆ ಆಡುತ್ತಾರೆ. ಕೊಳ್ಳುವ ಮುಂಚೆ ತಿಳಿದಿರಬೇಕಾದ ಮಾತು ಅನ್ನೋಣವೆಂದರೆ ಕೊಳ್ಳುವುದೇ ಇಲ್ಲವಲ್ಲ.

ಹಂತಗಳ ಬಗ್ಗೆ. ಒಂದನೇ ಹಂತದಲ್ಲೂ ಉದಾಸೀನ ನಡೆಯುವುದಿಲ್ಲ. ಆ ಹಂತದ ರೀತಿ ಹೀಗೆ: ಡಮ್ಮಿಯಲ್ಲಿ ಡೈಮಂಡ್ ರಾಜಾ, ರಾಣಿ, ಗುಲಾಮ, 10, 9 ಉದ್ದಕ್ಕೆ ಮಲಗಿವೆ, ನಿಮ್ಮ ಕೈಯಲ್ಲಿ ಎರಡೇ ಸಣ್ಣ ಡೈಮಂಡ್. ಡಮ್ಮಿಯಲ್ಲಿ ಆಠೀನ್ ರಾಣಿ-4-2, ನಿಮ್ಮಲ್ಲಿ ಎಕ್ಕಾ-ರಾಜಾ-3. ಡಮ್ಮಿಯಲ್ಲಿ ಬೇರೆ ದೊಡ್ಡ ಎಲೆ ಇಲ್ಲ. ಎದುರಾಳಿ ಆಠೀನ್ ಗುಲಾಮ ಹಾಕಿದ. ರಾಣಿಯಿಂದಲೇ ಹಿಡಿದುಬಿಡೋಣ, ಎಕ್ಕಾ-ರಾಜಾ ಇರಲಿ ಎಂದು ಕೈ ತಾನಾಗಿ ಹೋಗುತ್ತದೆ. ಹೋದರೆ ಮುಗಿಯಿತು. ಡೈಮಂಡ್ ಎಕ್ಕಾ ಹಿಡಿದವನು ಮೊದಲ ಸಲ ಬಿಟ್ಟು ಎರಡನೇ ಸಲ ಹಿಡಿಯುತ್ತಾನೆ, ನಿಮ್ಮ ಕೈಯಲ್ಲಿ ಡೈಮಂಡ್ ಖಾಲಿ, ಡಮ್ಮಿಯ ಗೆಲ್ಲುವ ಡೈಮಂಡ್‌ಗಳನ್ನು ನೋಡುತ್ತ ಕೂಡಬೇಕು, ಅಲ್ಲಿಗೆ ಹೋಗುವ ದಾರಿ ಇಲ್ಲ. ಆಠೀನನ್ನು ಕೈಯಲ್ಲೇ ಹಿಡಿದು ರಾಣಿಯನ್ನು ಆಮೇಲೆ ಹೋಗಲು ಉಳಿಸಿಕೊಳ್ಳಬೇಕಿತ್ತು. ಮೊದಲ ಟ್ರಿಕ್‌ನಲ್ಲೇ, ಎರಡು ಸೆಕೆಂಡಿನಲ್ಲಿ, ಆಟ ಮುಗಿದಿರುತ್ತದೆ. ಈ ಪೈಕಿ ಡೀಲ್‌ಗಳು ಅದರಲ್ಲಿ ತುಂಬ ಇವೆ, ಕೈ ಕಟ್ಟಿ ಕೂಡುವ ಅಭ್ಯಾಸ ಬರುವುದು ಇವುಗಳಿಂದಲೇ.

ಎರಡು, ಮೂರನೇ ಹಂತದಲ್ಲಿ ಫಿನೆಸ್ ಚಟದವರಿಗೆ ಮದ್ದು ಸಿಗುತ್ತದೆ. ಎಕ್ಕಾ-ರಾಣಿ ಕಂಡ ಕೂಡಲೇ ರಾಜಾ ಇತ್ತ ಕಡೆ ಇರಬಹುದು ಎಂದು ರಾಣಿ ಹಾಕಿ ನೋಡುವುದು ನಮ್ಮಲ್ಲಿ ಬಹಳ ಜನರ ಚಟ. ಅದು ನಾಣ್ಯ ಚಿಮ್ಮಿದ ಹಾಗೆ ಅರ್ಧಕ್ಕರ್ಧ. ಖಾತ್ರಿಯ ದಾರಿ ಇನ್ನೊಂದಿದ್ದಾಗ ನೀವು ಫಿನೆಸ್ ಮಾಡಿದರೆ ಇಲ್ಲಿ ರಾಜಾ ಯಾವಾಗಲೂ ಅತ್ತ ಕಡೆಯೇ. ಎದುರಾಳಿಯ ಬೇರೆ ಎಲೆಗಳನ್ನೆಲ್ಲ ಖಾಲಿ ಮಾಡಿಸಿ, ಅವನಿಗೇ ಒಂದು ಟ್ರಿಕ್ ಕೊಟ್ಟು, ಆ ಎಕ್ಕಾ-ರಾಣಿಯ ಬಾಯಿಗೆ ಅವನೇ ಆಡುವಂತೆ ಮಾಡುವ ಎಂಡ್ ಪ್ಲೇಯನ್ನು ನಾನು ಸರಿಯಾಗಿ ಅರ್ಥ ಮಾಡಿಕೊಂಡದ್ದು ಇಲ್ಲಿ.

ನಾಲ್ಕು, ಐದನೆಯ ಹಂತಕ್ಕೆ ಕಾಗದ-ಪೆನ್ಸಿಲ್ ಬೇಕು. ಸ್ಕ್ವೀಜ್ ಬರುತ್ತವೆ: ಎದುರಾಳಿ ಎರಡು ಬಣ್ಣ ಕಾಯುತ್ತಿರುತ್ತಾನೆ, ನೀವು ಮೂರನೇ ಬಣ್ಣದ ಗೆಲ್ಲುವ ಎಲೆಗಳನ್ನು ಆಡುತ್ತ ಹೋದ ಹಾಗೆ ಯಾವುದನ್ನು ಬಿಡಲಿ ಎಂದು ಒದ್ದಾಡಿ ಒಂದನ್ನು ಬಿಡುತ್ತಾನೆ. ತಿಂಗಳ 20ನೇ ತಾರೀಖಿನವರೆಗೆ ಜಿಎಸ್‌ಟಿ ರಿಟರ್ನ್ ಗದ್ದಲದಲ್ಲಿ ಈ ಹಂತದ ಕಡೆ ನಾನು ತಲೆ ಹಾಕುವುದಿಲ್ಲ. ಅದಾದ ಮೇಲಿನ ತಣ್ಣನೆಯ ದಿನಗಳಲ್ಲಿ ಒಂದೊಂದು ಡೀಲ್ ಎರಡು ಸಂಜೆ ತಿನ್ನುವುದೂ ಉಂಟು. ಮಾವನವರು ಸಂಯುಕ್ತ ಕರ್ನಾಟಕದ ಅಂಚಿನಲ್ಲಿ ಎಲೆಗಳನ್ನು ಬರೆದುಕೊಂಡು ಮಧ್ಯಾಹ್ನವೆಲ್ಲ ಅದನ್ನೇ ನೋಡುತ್ತ ಕೂತಿರುತ್ತಾರೆ, ಮರುದಿನ ಆ ಪೇಪರನ್ನು ರದ್ದಿಗೆ ಹಾಕಿದರೆ ಮನೆಯಲ್ಲಿ ರಂಪ.

ಇದನ್ನು ಬರೆದವರು ಯಾರೆಂದು ಗೊತ್ತಾದ ಮೇಲೆ ಡೀಲ್‌ಗಳ ಗಟ್ಟಿತನ ಆಶ್ಚರ್ಯ ತರಲಿಲ್ಲ. ಫ್ರೆಡ್ ಗಿಟೆಲ್‌ಮನ್, ಕೆನಡಾದಲ್ಲಿ ಬೆಳೆದ ಪ್ರೋಗ್ರಾಮರ್, ಜೊತೆಗೆ ದೊಡ್ಡ ಆಟಗಾರ. 2010ರಲ್ಲಿ ಫಿಲಡೆಲ್ಫಿಯಾದಲ್ಲಿ ರೋಸೆನ್‌ಬ್ಲಮ್ ಕಪ್ ಎಂಬ ಬ್ರಿಜ್‌ನ ವಿಶ್ವ ತಂಡ ಪಂದ್ಯಾವಳಿ ಗೆದ್ದ ತಂಡದಲ್ಲಿದ್ದವರು. ಬಿಬಿಒ ಶುರುವಾಗಿದ್ದು 2001ರಲ್ಲಿ, ಬ್ರಿಜ್ ಮಾಸ್ಟರ್ ಅದಕ್ಕಿಂತ ಹಳೆಯದು, ಮೊದಲು ಕಂಪ್ಯೂಟರಿಗೆ ಹಾಕಿಕೊಳ್ಳುವ ಸಾಫ್ಟ್‌ವೇರ್ ಆಗಿ ಮಾರಾಟವಾಗುತ್ತಿತ್ತು. ಆ ವಯಸ್ಸು ಮುಖದ ಮೇಲೆ ಕಾಣುತ್ತದೆ. ಥಳಕು ಇಲ್ಲ, ಗೆದ್ದರೆ ಪಟಾಕಿ ಹಾರಿಸುವುದಿಲ್ಲ, ಸದ್ದಿಲ್ಲ. ನನಗೆ ಇದೇ ಇಷ್ಟ. ನನ್ನ ಮಗಳು ಒಮ್ಮೆ ಇಣುಕಿ ನೋಡಿ "ಅವ್ವಾ, ಇದೇನು ನಿಮ್ಮ ಆಫೀಸಿನ ಸಾಫ್ಟ್‌ವೇರಾ?" ಎಂದು ಹೋದಳು.

ಕೊರತೆಗಳೂ ಇವೆ. ವಿವರಣೆ ಎಲ್ಲ ಇಂಗ್ಲಿಷ್‌ನಲ್ಲಿ. ಭಾಷೆ ಸರಳ, ಎಲೆ ಬೀಳುವುದನ್ನು ಕಣ್ಣಿನಿಂದ ನೋಡುತ್ತಲೇ ಅರ್ಧ ತಿಳಿಯುತ್ತದೆ. ಆದರೂ ಇಂಗ್ಲಿಷ್ ಓದಲು ಬೇಸರಪಡುವ ಹಿರಿಯರ ಪಕ್ಕದಲ್ಲಿ ಯಾರಾದರೂ ಕೂತು ಹೇಳಬೇಕು. ಮಾವನವರಿಗೆ ನಾನು ಹೇಳುತ್ತೇನೆ, ಹೇಳುತ್ತ ಹೇಳುತ್ತ ನನಗೂ ಎರಡನೇ ಸಲ ತಿಳಿಯುತ್ತದೆ. ಡಿಫೆನ್ಸ್ (ಎದುರಾಳಿಯ ಕಾಂಟ್ರಾಕ್ಟ್ ಮುರಿಯುವ ಆಟ) ಇಲ್ಲ, ಬಿಡ್ಡಿಂಗ್ ಇಲ್ಲ. ಮೇಜಿನ ಮೇಲೆ ಅರ್ಧ ಸಮಯ ನಾವು ಆಡುವುದು ಡಿಫೆನ್ಸೇ, ಅದನ್ನು ಬೇರೆಲ್ಲಾದರೂ ಕಲಿಯಬೇಕು. ಡೀಲ್‌ಗಳು ಮೊದಲೇ ಕಟ್ಟಿಟ್ಟವು, ಹೊಸದಾಗಿ ಹುಟ್ಟುವುದಿಲ್ಲ, ಹಾಗಾಗಿ ಒಂದು ಹಂತ ಮುಗಿಸಿದವರು ಉತ್ತರ ಮರೆಯುವಷ್ಟು ತಿಂಗಳು ಬಿಟ್ಟು ಮತ್ತೆ ಹೋಗಬೇಕು.

ಎಲ್ಲಕ್ಕಿಂತ ದೊಡ್ಡ ಕೊರತೆ ಅದರ ಗುಣದ ಬೆನ್ನಿಗೇ ಅಂಟಿಕೊಂಡಿದೆ. ಬ್ರಿಜ್ ಮಾಸ್ಟರ್ ತೆರೆದ ಕೂಡಲೇ ಇಲ್ಲೊಂದು ಉರುಲು ಇದೆ ಎಂದು ನಿಮಗೆ ಗೊತ್ತಿರುತ್ತದೆ. ಸುಲಭ ಕಂಡರೆ ಸಂಶಯ ಬರುತ್ತದೆ, ಹುಡುಕುತ್ತೀರಿ, ಸಿಗುತ್ತದೆ. ಭಾನುವಾರ ನಾಲ್ಕು ಮಂದಿ ಕೂತು, ಅಡುಗೆಮನೆಯಿಂದ ಗಿರಮಿಟ್ ಬಂದು, ಯಾರದೋ ಫೋನ್ ಬಡಿಯುತ್ತಿರುವಾಗ ಈ ಡೀಲ್‌ನಲ್ಲಿ ಉರುಲಿದೆ ಎಂದು ಕಿವಿಯಲ್ಲಿ ಹೇಳುವವರು ಯಾರೂ ಇಲ್ಲ. ತಾಣದಲ್ಲಿ ಮೂರನೇ ಹಂತ ಮುಗಿಸಿದವರು ಮೇಜಿನ ಮೇಲೆ ಒಂದನೇ ಹಂತದ ಉರುಲಿಗೆ ಬೀಳುವುದನ್ನು ನೋಡಿದ್ದೇನೆ. ಅದಕ್ಕೆ ಮಾವನವರ ಉಪಾಯ: ನಡುನಡುವೆ ಯಾವ ತೊಡಕೂ ಇಲ್ಲದ ಸಾದಾ ಎಲೆಗಳನ್ನು ಹಂಚಿಕೊಂಡು, ಇದರಲ್ಲಿ ಉರುಲಿದೆಯೋ ಇಲ್ಲವೋ ಮೊದಲು ಅದನ್ನು ಹೇಳು ಎಂದು ಕೇಳುವುದು.

ಮೊಬೈಲ್‌ನಲ್ಲಿ ನಡೆಯುತ್ತದೆ. ಧಾರವಾಡದ ಕಡೆ ಕೆಲಸವಿದ್ದಾಗ ಚಿಗರಿ ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕರೆ ಒಂದನೇ ಹಂತದ ಡೀಲ್‌ಗಳಿಗೆ ಆ ದಾರಿ ಸರಿಹೋಗುತ್ತದೆ. ಕಷ್ಟದವಕ್ಕೆ ಬೇಡ. ಎಲೆ ಸಣ್ಣವು, ಬೆರಳು ತಪ್ಪಿದರೆ ಬೇರೆ ಎಲೆ ಹೋಗುತ್ತದೆ. ಆ ಹಂತಗಳಿಗೆ ಲ್ಯಾಪ್‌ಟಾಪ್, ದೊಡ್ಡ ಪರದೆ.

ಒಂದು ಎಚ್ಚರಿಕೆ ಮನೆಯವರ ಕಡೆಯಿಂದ. ಆನ್‌ಲೈನ್ ಇಸ್ಪೀಟ್ ಅಂದ ಕೂಡಲೇ ನೆರೆಮನೆಯವರ ಹುಬ್ಬು ಏರುತ್ತದೆ. ತಪ್ಪಿಲ್ಲ, ಇಸ್ಪೀಟ್ ಅಡ್ಡೆ ಮೇಲೆ ದಾಳಿ ಎಂಬ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದಲ್ಲ. ಪಕ್ಕದ ಮನೆಯ ಅತ್ತಿಯವರು ನೇರವಾಗಿಯೇ ಕೇಳಿದರು, "ಏನವಾ, ರೊಕ್ಕಾ ಹಚ್ಚಿ ಆಡತೀಯೇನ?" ಇಲ್ಲಿ ಹಚ್ಚಲು ರೊಕ್ಕವೂ ಇಲ್ಲ, ಗೆಲ್ಲಲು ರೊಕ್ಕವೂ ಇಲ್ಲ. 1967ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿ ಬರೀ ನಸೀಬಿನ ಆಟವಲ್ಲ ಎಂದು ಹೇಳುವಾಗ ಹೋಲಿಕೆಗೆ ತೆಗೆದುಕೊಂಡದ್ದು ಬ್ರಿಜ್ ಆಟದ ಎಲೆ ಹಂಚಿಕೆಯನ್ನೇ. ಅತ್ತಿಯವರಿಗೆ ಕೋರ್ಟಿಗಿಂತ ಹೆಚ್ಚು ಒಪ್ಪಿಗೆಯಾದದ್ದು 2018ರ ಜಕಾರ್ತಾ ಏಷ್ಯನ್ ಗೇಮ್ಸ್. ಬ್ರಿಜ್ ಮೊದಲ ಸಲ ಅಲ್ಲಿ ಸೇರಿದ ವರ್ಷವೇ ಪ್ರಣಬ್ ಬರ್ಧನ್ ಮತ್ತು ಶಿಬ್ನಾಥ್ ಸರ್ಕಾರ್ ಪುರುಷರ ಜೋಡಿಯಲ್ಲಿ ಭಾರತಕ್ಕೆ ಬಂಗಾರ ತಂದರು. ಬರ್ಧನ್‌ರಿಗೆ ಆಗ 60, ಸರ್ಕಾರ್‌ರಿಗೆ 56. "ಅರವತ್ತಕ್ಕ ಬಂಗಾರದ ಪದಕಾ?" ಎಂದು ಅತ್ತಿಯವರು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಯಾರಿಗೆ ಬೇಡ ಎಂದರೆ, ಬ್ರಿಜ್‌ನ ಅ-ಆ ಗೊತ್ತಿಲ್ಲದವರಿಗೆ. ಇದು ನಿಯಮ ಕಲಿಸುವುದಿಲ್ಲ, ಗೊತ್ತಿದೆ ಎಂದೇ ಶುರುವಾಗುತ್ತದೆ. ಅವರು ಮೊದಲು ಗೊತ್ತಿದ್ದವರ ಹಿಂದೆ ಕೂತು ನಾಲ್ಕಾರು ಆಟ ನೋಡಲಿ. ಸಮಯ ಕಳೆಯಲು ಆಡುವವರಿಗೂ ಬೇಡ, ಮೇಲಿಂದ ಮೇಲೆ ಸೋತು ಬೇಸತ್ತು ಬಿಡುತ್ತಾರೆ. ಇಪ್ಪತ್ತೆಂಟು ಆಡುತ್ತಿದ್ದು ಬ್ರಿಜ್‌ಗೆ ಬಂದವರು ಒಂದನೇ ಹಂತವನ್ನು ಹಾರಿ ಎರಡಕ್ಕೆ ಹೋಗುವ ಧೈರ್ಯ ಮಾಡಬಾರದು. ತುರುಫಿನ ಆಟದಲ್ಲಿ ಕೈ ಪಳಗಿರುತ್ತದೆ, ನೋ ಟ್ರಂಪ್‌ನಲ್ಲಿ ಇರುವುದಿಲ್ಲ, ಆ ಒಂದನೇ ಹಂತ ಅವರಿಗಾಗಿಯೇ ಇದೆ. ಮೂವಿ ನೋಡುವ ಮುಂಚೆ ಅದೇ ಡೀಲನ್ನು ಮತ್ತೊಮ್ಮೆ ಆಡಿ. ಸೋತ ಕೂಡಲೇ ಉತ್ತರ ನೋಡಿದರೆ ಓದಿದ್ದು ಉಳಿಯುವುದಿಲ್ಲ.

ನನ್ನ ಅಂಕ ಐದಕ್ಕೆ ನಾಲ್ಕೂವರೆ. ಅರ್ಧ ಕಡಿದದ್ದು ಡಿಫೆನ್ಸ್ ಇಲ್ಲದ್ದಕ್ಕೆ. ಮಾಸ್ತರ್ರು ಮೂರೂವರೆ ಅನ್ನುತ್ತಾರೆ, ಹೆಚ್ಚಿನ ಟ್ರಿಕ್ಕಿನ 30 ಅಂಕದ ವಾದವನ್ನು ಅವರಿನ್ನೂ ಬಿಟ್ಟಿಲ್ಲ.